ಸಣ್ಣ ಉದ್ಯಮದಲ್ಲಿ ಗಣಕ ಸಿಬ್ಬಂದಿ: ಅರಿಯುವ ಬಗೆ, ನಡೆಸಿಕೊಳ್ಳುವ ಬಗೆ

ಕಾರ್ಖಾನೆಯಲ್ಲಿ ಲೇಥ್ ಯಂತ್ರ ಕೆಟ್ಟರೆ ಸದ್ದು ನಿಂತದ್ದು ಮಾಲೀಕರ ಕಿವಿಗೆ ಕೂಡಲೇ ಬೀಳುತ್ತದೆ. ಫಿಟ್ಟರ್ ಬಂದು ಯಂತ್ರವನ್ನು ಬಿಚ್ಚುತ್ತಾನೆ, ಸವೆದ ಬೇರಿಂಗನ್ನು ಕೈಯಲ್ಲಿ ಹಿಡಿದು ತೋರಿಸುತ್ತಾನೆ, ಸಂಜೆಯೊಳಗೆ ಯಂತ್ರ ಮತ್ತೆ ತಿರುಗುತ್ತದೆ. ಅವನ ಕೆಲಸದ ಅಳತೆ ಮಾಲೀಕರಿಗೆ ಕಣ್ಣಾರೆ ಸಿಗುತ್ತದೆ. ಕಚೇರಿಯ ಮೂಲೆಯಲ್ಲಿ ಗಣಕಯಂತ್ರದ ಮುಂದೆ ಕುಳಿತ ಸಿಬ್ಬಂದಿಯ ಕೆಲಸ ಹಾಗಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅವರು ಏನೂ ಮಾಡುತ್ತಿಲ್ಲವೆಂದು ತೋರುತ್ತದೆ. ಏನಾದರೂ ಕೆಟ್ಟಾಗ ಎಲ್ಲವೂ ಅವರಿಂದಲೇ ಕೆಟ್ಟಿತೆಂದು ತೋರುತ್ತದೆ. ಈ ಎರಡು ತೋರಿಕೆಗಳ ನಡುವೆ ಮಾಲೀಕರ ಮತ್ತು ಸಿಬ್ಬಂದಿಯ ಸಂಬಂಧ ಹದಗೆಡುವುದನ್ನು ಅನೇಕ ಸಂಸ್ಥೆಗಳಲ್ಲಿ ಕಾಣಬಹುದು.

ಗಣಕಯಂತ್ರವು ಪತ್ರ ಅಚ್ಚು ಹಾಕುವ, ಲೆಕ್ಕ ಬರೆಯುವ ಅನುಕೂಲವಷ್ಟೇ ಆಗಿದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ಹಾನಿ ಇರಲಿಲ್ಲ. ಯಂತ್ರ ನಿಂತರೆ ಬಿಲ್ ಪುಸ್ತಕವಿತ್ತು, ಕೈಬರಹದ ಚಲನ್ ಇತ್ತು. ಇಂದು ಆ ಸ್ಥಿತಿ ಇಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ಮೀರಿದ ವಹಿವಾಟಿನವರಿಂದ ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿಯು ಹಂತ ಹಂತವಾಗಿ ವಿಸ್ತರಿಸಿ, 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂ. ಮೀರಿದವರಿಗೂ ಅನ್ವಯವಾಯಿತು. 2025ರ ಏಪ್ರಿಲ್ 1ರಿಂದ ಈ ಜಾಲತಾಣಗಳಿಗೆ ಪ್ರವೇಶಿಸುವ ಎಲ್ಲ ಬಳಕೆದಾರರೂ ಪಾಸ್‌ವರ್ಡ್ ಜೊತೆಗೆ ಒ.ಟಿ.ಪಿ.ಯನ್ನೂ ನೀಡಬೇಕಾಗಿದೆ. ಅಂದರೆ, ಸರ್ವರ್ ಕೈಕೊಟ್ಟ ದಿನ, ಅಥವಾ ಒ.ಟಿ.ಪಿ. ಬರುವ ಮೊಬೈಲ್ ಹಿಡಿದ ನೌಕರರು ರಜೆಯಲ್ಲಿರುವ ದಿನ, ಮಾಲು ಸಿದ್ಧವಿದ್ದರೂ ಲಾರಿ ಗೇಟು ದಾಟಲಾರದು.

ಆದುದರಿಂದ ಗಣಕ ಸಿಬ್ಬಂದಿಯನ್ನು ಅರಿತು ನಡೆಸುವುದು ಈಗ ಉತ್ಪಾದನೆ ಮತ್ತು ಮಾರಾಟದಷ್ಟೇ ಮುಖ್ಯವಾದ ಮಾಲೀಕರ ಹೊಣೆ. ಅದಕ್ಕಾಗಿ ಮಾಲೀಕರು ಸ್ವತಃ ಗಣಕ ತಜ್ಞರಾಗಬೇಕಿಲ್ಲ. ಕೆಲಸವನ್ನು ತಿಳಿದವರಿಗೆ ಬಿಡಬೇಕು, ಬೀಗದ ಕೈಯನ್ನು ಮಾತ್ರ ಸಂಸ್ಥೆಯ ಬಳಿಯೇ ಉಳಿಸಿಕೊಳ್ಳಬೇಕು. ಈ ಲೇಖನದಲ್ಲಿ ಹೇಳುವ ಎಲ್ಲ ಕ್ರಮಗಳೂ ಈ ಒಂದು ತತ್ವದ ವಿಸ್ತರಣೆಗಳೇ ಆಗಿವೆ.

1. ಯಾವ ಕೆಲಸಕ್ಕೆ ಯಾರು?

"ಕಂಪ್ಯೂಟರ್ ಗೊತ್ತಿರುವ ಹುಡುಗ ಬೇಕು" ಎಂಬುದು ನಮ್ಮಲ್ಲಿ ನೇಮಕಾತಿಯ ಸಾಮಾನ್ಯ ಮಾತು. ಇದು "ಯಂತ್ರ ಗೊತ್ತಿರುವವನು ಬೇಕು" ಎಂದಂತೆ. ವೆಲ್ಡರ್‌ನಿಂದ ಗ್ರೈಂಡಿಂಗ್ ಕೆಲಸವನ್ನೂ, ಎಲೆಕ್ಟ್ರಿಷಿಯನ್‌ನಿಂದ ಅಚ್ಚಿನ ಕೆಲಸವನ್ನೂ ಯಾವ ಮಾಲೀಕರೂ ನಿರೀಕ್ಷಿಸುವುದಿಲ್ಲ. ಗಣಕ ಕ್ಷೇತ್ರದಲ್ಲಿಯೂ ಕನಿಷ್ಠ ನಾಲ್ಕು ಬಗೆಯ ಕೆಲಸಗಳಿವೆ.

ಮೊದಲನೆಯದು ಯಂತ್ರ ಮತ್ತು ಜಾಲದ ನಿರ್ವಹಣೆ: ಗಣಕಯಂತ್ರ, ಪ್ರಿಂಟರ್, ಸರ್ವರ್, ಯು.ಪಿ.ಎಸ್., ಅಂತರಜಾಲ ಸಂಪರ್ಕ. ಎರಡನೆಯದು ಲೆಕ್ಕಪತ್ರ ಮತ್ತು ದಾಸ್ತಾನು ತಂತ್ರಾಂಶದ ಬಳಕೆ: ಇದನ್ನು ಮಾಡುವವರಿಗೆ ಗಣಕಯಂತ್ರಕ್ಕಿಂತ ಹೆಚ್ಚಾಗಿ ಲೆಕ್ಕಶಾಸ್ತ್ರ ತಿಳಿದಿರಬೇಕು. ಮೂರನೆಯದು ಹೊಸ ತಂತ್ರಾಂಶವನ್ನು ಬರೆಯುವುದು ಅಥವಾ ಇರುವುದನ್ನು ಬದಲಿಸುವುದು. ಇದು ಪ್ರೋಗ್ರಾಮರ್‌ನ ಕೆಲಸ. ನಾಲ್ಕನೆಯದು ಜಾಲತಾಣ, ಇ-ಮೇಲ್, ಆನ್‌ಲೈನ್ ಮಾರಾಟ ಇತ್ಯಾದಿಗಳ ನಿರ್ವಹಣೆ.

ಹತ್ತು-ಇಪ್ಪತ್ತು ಜನರಿರುವ ಸಂಸ್ಥೆಯು ಈ ನಾಲ್ಕಕ್ಕೂ ಬೇರೆ ಬೇರೆ ಜನರನ್ನು ಇಡಲಾರದು. ಮೊದಲನೆಯದಕ್ಕೆ ಸಂಸ್ಥೆಯ ಒಳಗೇ ಒಬ್ಬರಿರುವುದು ಒಳ್ಳೆಯದು, ಐ.ಟಿ.ಐ.ಗಳ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ವೃತ್ತಿಯಲ್ಲಿ ಅಥವಾ ಡಿಪ್ಲೊಮಾದಲ್ಲಿ ತೇರ್ಗಡೆಯಾದವರನ್ನು ತೆಗೆದುಕೊಂಡು ತರಬೇತಿ ನೀಡಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ತರಬೇತಿ ಭತ್ಯೆಯ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಎರಡನೆಯದನ್ನು ಲೆಕ್ಕಪತ್ರ ವಿಭಾಗಕ್ಕೇ ಬಿಡಬೇಕು. ಮೂರನೆಯ ಮತ್ತು ನಾಲ್ಕನೆಯ ಕೆಲಸಗಳನ್ನು ಹೊರಗಿನವರಿಂದ ಲಿಖಿತ ಒಪ್ಪಂದದ ಮೇಲೆ ಮಾಡಿಸಬಹುದು. ನೇಮಕದ ದಿನವೇ ಯಾವುದು ತಮ್ಮ ಕೆಲಸ, ಯಾವುದು ಅಲ್ಲ ಎಂಬುದು ನೌಕರರಿಗೆ ಕಾಗದದ ಮೇಲೆ ಸ್ಪಷ್ಟವಾಗಿರಬೇಕು.

2. ಕಣ್ಣಿಗೆ ಕಾಣದ ಕೆಲಸ

ಗಣಕ ಸಿಬ್ಬಂದಿಯ ದುಡಿಮೆಯಲ್ಲಿ ಬಹುಪಾಲು ಯಂತ್ರಗಳ ಮುನ್ನೆಚ್ಚರಿಕೆಯ ನಿರ್ವಹಣೆಯಂತಹುದು. ಎಣ್ಣೆ ಹಾಕಿದ ದಿನ ಲಾಭ ಕಾಣುವುದಿಲ್ಲ. ಹಾಕದಿದ್ದ ವರ್ಷ ನಷ್ಟ ಕಾಣುತ್ತದೆ.

2017ರ ಒಂದು ಪ್ರಸಂಗ ಇದಕ್ಕೆ ತಕ್ಕ ನಿದರ್ಶನ. ವಿಂಡೋಸ್‌ನಲ್ಲಿದ್ದ ಒಂದು ದೋಷವನ್ನು ಸರಿಪಡಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಆ ವರ್ಷದ ಮಾರ್ಚ್ 14ರಂದು ಬಿಡುಗಡೆ ಮಾಡಿತು. ಅದನ್ನು ಅಳವಡಿಸಲು ಬೇಕಾದದ್ದು ಸ್ವಲ್ಪ ಸಮಯ ಮತ್ತು ಯಂತ್ರವನ್ನು ಒಮ್ಮೆ ನಿಲ್ಲಿಸಿ ಮರಳಿ ಆರಂಭಿಸುವ ಅನುಮತಿ. ಮೇ 12ರಂದು ಅದೇ ದೋಷವನ್ನು ಬಳಸಿಕೊಂಡು 'ವನ್ನಾಕ್ರೈ' ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಗಣಕಯಂತ್ರಗಳಲ್ಲಿದ್ದ ಕಡತಗಳಿಗೆಲ್ಲ ಬೀಗ ಹಾಕಿ, ತೆರೆಯಲು ಹಣ ಕೇಳುವುದು ಅದರ ರೀತಿ. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ತಿದ್ದುಪಡಿ ದೊರೆತು ಸುಮಾರು ಎರಡು ತಿಂಗಳಾಗಿತ್ತು. ಅದನ್ನು ಸಕಾಲದಲ್ಲಿ ಅಳವಡಿಸಿಕೊಂಡಿದ್ದ ಕಚೇರಿಗಳಲ್ಲಿ ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡ ಆ ಸಿಬ್ಬಂದಿಯನ್ನು ಮೆಚ್ಚುವ ಸಂದರ್ಭವೂ ಸಹಜವಾಗಿಯೇ ಒದಗಲಿಲ್ಲ.

ಇಂದಿನ ಮಾತಿಗೆ ಬರುವುದಾದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ನಮ್ಮ ಅನೇಕ ಕಚೇರಿಗಳಲ್ಲಿ ಆ ಯಂತ್ರಗಳು ಇನ್ನೂ ನಡೆಯುತ್ತಿವೆ. ಹೊಸ ಯಂತ್ರ ಬೇಕೆಂದು ಸಿಬ್ಬಂದಿ ಕೇಳಿದಾಗ "ಇದು ಚೆನ್ನಾಗಿಯೇ ನಡೆಯುತ್ತಿದೆಯಲ್ಲ" ಎಂಬ ಉತ್ತರ ಸಹಜವಾಗಿ ಬರುತ್ತದೆ. ಬದಲಾಗಿ ಮಾಲೀಕರು ಕೇಳಬೇಕಾದ ಪ್ರಶ್ನೆಗಳು ಬೇರೆ: ಬದಲಿಸದಿದ್ದರೆ ಯಾವ ಅಪಾಯ? ಯಾವ ಯಂತ್ರವನ್ನು ಮೊದಲು ಬದಲಿಸಬೇಕು? ಅಲ್ಲಿಯವರೆಗೆ ಏನು ಎಚ್ಚರಿಕೆ? ಈ ಮೂರಕ್ಕೂ ಒಂದು ಪುಟದ ಲಿಖಿತ ಉತ್ತರ ಪಡೆದರೆ ನಿರ್ಧಾರ ಮಾಲೀಕರದೇ ಆಗುತ್ತದೆ, ಅದೂ ವಿಷಯ ತಿಳಿದು ಮಾಡಿದ್ದಾಗುತ್ತದೆ.

ಕಾಣದ ಕೆಲಸವನ್ನು ಕಾಣುವಂತೆ ಮಾಡಲು ಒಂದು ಸರಳ ಉಪಾಯವಿದೆ. ಯಂತ್ರಗಳ ನಿರ್ವಹಣೆಗೆ ಲಾಗ್ ಪುಸ್ತಕ ಇಡುವಂತೆ ಗಣಕ ವಿಭಾಗಕ್ಕೂ ಒಂದು ಪುಸ್ತಕವಿರಲಿ. ದಿನಾಂಕ, ದೂರು ಹೇಳಿದವರು, ತೊಂದರೆ, ಕಾರಣ, ಪರಿಹಾರ, ಹಿಡಿದ ಸಮಯ: ಈ ಆರು ಅಂಕಣಗಳು ಸಾಕು. ತಿಂಗಳ ಕೊನೆಗೆ ಅರ್ಧ ಗಂಟೆ ಕುಳಿತು ಅದನ್ನು ಓದಿದರೆ ಸಂಗತಿಗಳು ತಾವಾಗಿ ಹೊರಬರುತ್ತವೆ. ಒಂದೇ ಪ್ರಿಂಟರ್ ಬಗ್ಗೆ ಏಳು ದೂರುಗಳಿದ್ದರೆ ಸಿಬ್ಬಂದಿಯನ್ನು ದೂಷಿಸುವ ಬದಲು ಪ್ರಿಂಟರನ್ನು ಬದಲಿಸಬೇಕೆಂದು ತಿಳಿಯುತ್ತದೆ. ಒಬ್ಬ ಗುಮಾಸ್ತರಿಂದಲೇ ಹೆಚ್ಚು ದೂರುಗಳು ಬರುತ್ತಿದ್ದರೆ ಅವರಿಗೆ ತರಬೇತಿ ಬೇಕೆಂದು ತಿಳಿಯುತ್ತದೆ. ಗಣಕ ಸಿಬ್ಬಂದಿ ನಿಜವಾಗಿಯೂ ಕೆಲಸ ಮಾಡದಿದ್ದರೆ ಅದೂ ಆ ಪುಸ್ತಕದಲ್ಲಿಯೇ ತಿಳಿಯುತ್ತದೆ.

3. ತಿಳಿದವರಿಂದ ಕೆಲಸ ಪಡೆಯುವ ಕಷ್ಟ

ಆಡಳಿತಶಾಸ್ತ್ರದ ಖ್ಯಾತ ಚಿಂತಕ ಪೀಟರ್ ಡ್ರಕರ್ 1959ರಷ್ಟು ಹಿಂದೆಯೇ 'ಜ್ಞಾನಾಧಾರಿತ ದುಡಿಮೆಗಾರ'ರ ಬಗ್ಗೆ ಬರೆದಿದ್ದರು. ಇಂತಹ ನೌಕರರಿಗೆ ತಮ್ಮ ಕೆಲಸದ ಬಗ್ಗೆ ಮೇಲಧಿಕಾರಿಗಿಂತ ಹೆಚ್ಚು ತಿಳಿದಿರುತ್ತದೆ, ತಿಳಿದಿರಲೇಬೇಕು ಎಂಬುದು ಅವರ ವಿಚಾರದ ತಿರುಳು. ತಾವೇ ಕಲಿತು, ತಾವೇ ಕಟ್ಟಿದ ಉದ್ಯಮದ ಮಾಲೀಕರಿಗೆ ಇದು ಹೊಸ ಅನುಭವ. ಅಂಗಡಿಯ ಪ್ರತಿಯೊಂದು ಕೆಲಸವನ್ನೂ ಬಲ್ಲವರಿಗೆ ತಾವು ಬಲ್ಲದ ಒಂದು ಕೆಲಸದ ಮುಂದೆ ಇಕ್ಕಟ್ಟಾಗುತ್ತದೆ. ಆ ಇಕ್ಕಟ್ಟು ಕೆಲವರಲ್ಲಿ ಅತಿಯಾದ ಅನುಮಾನವಾಗಿಯೂ, ಕೆಲವರಲ್ಲಿ ಅತಿಯಾದ ನಂಬಿಕೆಯಾಗಿಯೂ ಪ್ರಕಟವಾಗುತ್ತದೆ. ಎರಡೂ ತಪ್ಪೇ.

ಗಣಕ ಸಿಬ್ಬಂದಿಯ ವರ್ತನೆಯಲ್ಲಿ ಮಾಲೀಕರಿಗೆ ಒಗಟಾಗಿ ಕಾಣುವ ಕೆಲವು ಅಂಶಗಳಿಗೆ ಕಾರಣ ಅವರ ಕೆಲಸದ ಸ್ವರೂಪದಲ್ಲಿದೆ.

(ಅ) ಕರೆದ ಕೂಡಲೇ ಏಳುವುದಿಲ್ಲ. ದೋಷ ಹುಡುಕುವುದು, ಪ್ರೋಗ್ರಾಮ್ ಬರೆಯುವುದು ಏಕಾಗ್ರತೆಯ ಕೆಲಸಗಳು. ಟಾಮ್ ಡಿಮಾರ್ಕೊ ಮತ್ತು ತಿಮೊಥಿ ಲಿಸ್ಟರ್ 1987ರಲ್ಲಿ ಪ್ರಕಟಿಸಿದ 'ಪೀಪಲ್‌ವೇರ್' ಗ್ರಂಥದಲ್ಲಿ, ಒಮ್ಮೆ ಭಂಗವಾದ ಏಕಾಗ್ರತೆ ಮರಳಲು ಹದಿನೈದು ನಿಮಿಷ ಅಥವಾ ಹೆಚ್ಚು ಬೇಕಾಗುವುದನ್ನು ವಿವರಿಸಿದ್ದಾರೆ. ಗಂಟೆಗೆ ನಾಲ್ಕು ಬಾರಿ ಕರೆದರೆ ಆ ಗಂಟೆಯೇ ವ್ಯರ್ಥ. ದಿನದಲ್ಲಿ ಎರಡು ಗಂಟೆ, ಉದಾಹರಣೆಗೆ ಬೆಳಿಗ್ಗೆ 11ರಿಂದ 1ರವರೆಗೆ, ತುರ್ತಲ್ಲದ ಯಾವ ಕರೆಯೂ ಇಲ್ಲದಂತೆ ನಿಯಮ ಮಾಡಿ ನೋಡಬಹುದು.

(ಆ) ಖಚಿತವಾಗಿ ದಿನ ಹೇಳುವುದಿಲ್ಲ. ಹಿಂದೆ ಮಾಡಿದ ಕೆಲಸವನ್ನೇ ಮತ್ತೆ ಮಾಡುವಾಗ ದಿನ ಹೇಳುವುದು ಸುಲಭ. ಕಾರಣವೇ ತಿಳಿಯದ ದೋಷವನ್ನು ಎಂದು ಸರಿಪಡಿಸುವಿರೆಂದು ಕೇಳಿದರೆ ಪ್ರಾಮಾಣಿಕರು ತಡವರಿಸುತ್ತಾರೆ, ಅಪ್ರಾಮಾಣಿಕರು "ಸಂಜೆಗೆ ಆಗುತ್ತದೆ ಸಾರ್" ಎನ್ನುತ್ತಾರೆ. "ಎಂದು ಮುಗಿಯುತ್ತದೆ?" ಎಂಬುದಕ್ಕಿಂತ "ಮುಂದೆ ಏನು ಪರೀಕ್ಷಿಸುತ್ತೀರಿ, ಅದರ ಫಲ ಎಷ್ಟು ಹೊತ್ತಿಗೆ ತಿಳಿಯುತ್ತದೆ?" ಎಂದು ಕೇಳುವುದು ಉಪಯುಕ್ತ.

(ಇ) ಜನ ಹೆಚ್ಚಿಸಿದರೂ ಕೆಲಸ ಬೇಗ ಆಗುವುದಿಲ್ಲ. ಐ.ಬಿ.ಎಂ. ಸಂಸ್ಥೆಯ ಬೃಹತ್ ತಂತ್ರಾಂಶ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ತಮ್ಮ ಅನುಭವವನ್ನು 1975ರ ಗ್ರಂಥದಲ್ಲಿ ದಾಖಲಿಸಿದ್ದಾರೆ. ಪ್ಯಾಕಿಂಗ್ ವಿಭಾಗಕ್ಕೆ ನಾಲ್ವರನ್ನು ಸೇರಿಸಿದರೆ ಪೆಟ್ಟಿಗೆಗಳು ಬೇಗ ತುಂಬುತ್ತವೆ. ತಂತ್ರಾಂಶದ ಕೆಲಸದಲ್ಲಿ ಹೊಸಬರಿಗೆ ಎಲ್ಲವನ್ನೂ ವಿವರಿಸುವ ಹೊರೆ ಹಳಬರ ಮೇಲೆ ಬೀಳುವುದರಿಂದ ತಡವಾದ ಕೆಲಸ ಮತ್ತಷ್ಟು ತಡವಾಗಬಹುದು.

4. ಕೆಲಸ ಹೇಳುವ ವಿಧಾನ

ಗಣಕ ಸಿಬ್ಬಂದಿಯ ಮೇಲಿನ ಅಸಮಾಧಾನದಲ್ಲಿ ದೊಡ್ಡ ಪಾಲು "ನಾನು ಕೇಳಿದ್ದೊಂದು, ಇವರು ಮಾಡಿದ್ದೊಂದು" ಎಂಬುದು. ಇಲ್ಲಿ ಕರ್ನಾಟಕದ್ದೇ ಒಂದು ಉತ್ತಮ ಉದಾಹರಣೆ ಇದೆ. ಜವಳಿ ಗಿರಣಿಗಳಿಗೂ ಕಾರ್ಖಾನೆಗಳಿಗೂ ಕಚ್ಚಾ ಸಾಮಗ್ರಿ ಮತ್ತು ಬಿಡಿಭಾಗಗಳನ್ನು ಪೂರೈಸುತ್ತಿದ್ದ ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಗಣಿತ ಪದವೀಧರರಾಗಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಹೀಗೆ ಆರಂಭವಾದ ಕೆಲಸವೇ ಇಂದು ದೇಶದ ಅಂಗಡಿ-ಕಾರ್ಖಾನೆಗಳಲ್ಲಿ ಮನೆಮಾತಾಗಿರುವ 'ಟ್ಯಾಲಿ'. ಅದನ್ನು ಬರೆದವರ ಪಕ್ಕದಲ್ಲಿಯೇ ವ್ಯಾಪಾರ ಬಲ್ಲವರೊಬ್ಬರಿದ್ದರು ಎಂಬುದು ನಾವು ಗಮನಿಸಬೇಕಾದ ಅಂಶ. ತಂತ್ರಾಂಶ ಬರೆಯುವವರಿಗೆ ವ್ಯಾಪಾರ ತಿಳಿದಿರುವುದಿಲ್ಲ. ಅದನ್ನು ತಿಳಿಸುವ ಹೊಣೆ ವ್ಯಾಪಾರಿಯದೇ.

ಒಂದು ಸಣ್ಣ ಎಂಜಿನಿಯರಿಂಗ್ ಘಟಕದ ಮಾಲೀಕರು "ಸ್ಟಾಕ್ ರಿಪೋರ್ಟ್ ಬೇಕು" ಎಂದಷ್ಟೇ ಹೇಳಿದರೆಂದು ಭಾವಿಸೋಣ. ಮಾಲೀಕರ ಮನಸ್ಸಿನಲ್ಲಿರುವ ಸಂಗತಿಗಳು ಹಲವು. ಉಕ್ಕಿನ ಸರಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ, ಅಂಗಳಕ್ಕೆ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಸಿದ್ಧವಸ್ತುವನ್ನು ಬಿಡಿ ಲೆಕ್ಕದಲ್ಲಿ ಮಾರುತ್ತಾರೆ. ಸ್ವಲ್ಪ ಮಾಲು ಲೇಪನಕ್ಕೆಂದು ಜಾಬ್‌ವರ್ಕ್‌ನವರ ಬಳಿ ಇರುತ್ತದೆ. ಅದು ದಾಸ್ತಾನೇ ಆದರೂ ಗೋದಾಮಿನಲ್ಲಿಲ್ಲ. ಗ್ರಾಹಕರು ತಿರಸ್ಕರಿಸಿ ಮರಳಿಸಿದ ಬಿಡಿಗಳು ಗೋದಾಮಿನಲ್ಲಿದ್ದರೂ ಮಾರಲು ಬಾರದವು. ಇದಾವುದನ್ನೂ ಹೇಳದಿದ್ದರೆ ಸಿಬ್ಬಂದಿ ತಯಾರಿಸುವ ವರದಿ ತಾಂತ್ರಿಕವಾಗಿ ಸರಿಯಾಗಿದ್ದರೂ ವ್ಯಾಪಾರಕ್ಕೆ ಉಪಯೋಗವಿಲ್ಲ.

ಆದುದರಿಂದ ಪ್ರತಿಯೊಂದು ಹೊಸ ಕೆಲಸಕ್ಕೂ ಮೊದಲು ಒಂದು ಹಾಳೆಯಲ್ಲಿ ಐದು ವಿಷಯಗಳನ್ನು ಬರೆಯುವ ಪದ್ಧತಿ ಇರಲಿ: ಯಾವ ನಿರ್ಧಾರಕ್ಕಾಗಿ ಈ ವರದಿ ಬೇಕು? ಯಾರು ಓದುತ್ತಾರೆ? ಎಷ್ಟು ದಿನಕ್ಕೊಮ್ಮೆ? ಯಾವ ವಿಶೇಷ ಪ್ರಸಂಗಗಳನ್ನು ಬೇರೆಯಾಗಿ ತೋರಿಸಬೇಕು? ಸರಿಯಾಗಿದೆಯೆಂದು ಹೇಗೆ ಪರೀಕ್ಷಿಸುತ್ತೇವೆ? ಕೊನೆಯದಕ್ಕೆ ಹಳೆಯ ಒಂದು ತಿಂಗಳ ಕೈಬರಹದ ಲೆಕ್ಕವನ್ನು ಕೊಟ್ಟು, ಎರಡೂ ತಾಳೆಯಾಗುವುದೇ ಎಂದು ನೋಡುವುದು ಸುಲಭ ಮಾರ್ಗ.

ಜೊತೆಗೆ, ಕೆಲಸ ಹೇಳುವ ಬಾಯಿ ಒಂದೇ ಇರಬೇಕು. ಕುಟುಂಬದ ಉದ್ಯಮಗಳಲ್ಲಿ ತಂದೆ, ಚಿಕ್ಕಪ್ಪ, ಮಗ, ಮೂವರೂ ಮೂರು ಕೆಲಸಗಳನ್ನು 'ತುರ್ತು' ಎಂದು ಹೇಳುವುದುಂಟು. ಯಾರ ಮಾತು ಮೊದಲು ಎಂಬುದನ್ನು ನೌಕರರೇ ನಿರ್ಧರಿಸಬೇಕಾಗಿ ಬಂದರೆ ಅವರು ಯಾರಿಗಾದರೂ ತಪ್ಪಿತಸ್ಥರಾಗಲೇಬೇಕು. ವಾರಕ್ಕೊಮ್ಮೆ ಮನೆಯವರೇ ಕೂಡಿ ಆದ್ಯತೆಯ ಪಟ್ಟಿಯನ್ನು ಕೊಡುವುದು ಲೇಸು.

5. ಒಬ್ಬರ ಕೈಯಲ್ಲೇ ಎಲ್ಲವೂ ಇರುವ ಅಪಾಯ

2008ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದಲ್ಲಿ ನಡೆದ ಪ್ರಸಂಗವನ್ನು ಪ್ರತಿಯೊಬ್ಬ ಉದ್ಯಮಿಯೂ ತಿಳಿದಿರಬೇಕು. ನಗರದ ಮುಖ್ಯ ಗಣಕ ಜಾಲವನ್ನು ಕಟ್ಟಿ ನೋಡಿಕೊಳ್ಳುತ್ತಿದ್ದ ತಂತ್ರಜ್ಞರೊಬ್ಬರಿಗೂ ಮೇಲಧಿಕಾರಿಗಳಿಗೂ ವೈಮನಸ್ಯ ಬೆಳೆಯಿತು. ಜಾಲದ ಪಾಸ್‌ವರ್ಡ್‌ಗಳು ಅವರೊಬ್ಬರಿಗೇ ಗೊತ್ತಿದ್ದವು. ಅವುಗಳನ್ನು ಕೊಡಲು ಅವರು ನಿರಾಕರಿಸಿದರು, ಬಂಧನಕ್ಕೊಳಗಾದರು. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಅವರೇ ಸೆರೆಮನೆಗೆ ಹೋಗಿ ಪಾಸ್‌ವರ್ಡ್‌ಗಳನ್ನು ಪಡೆಯಬೇಕಾಯಿತು. 2010ರಲ್ಲಿ ನ್ಯಾಯಾಲಯ ಆ ತಂತ್ರಜ್ಞರಿಗೆ ನಾಲ್ಕು ವರ್ಷಗಳ ಶಿಕ್ಷೆ ವಿಧಿಸಿತು. ಅಷ್ಟೂ ದಿನ ಜಾಲ ಮಾತ್ರ ಎಂದಿನಂತೆ ನಡೆಯುತ್ತಲೇ ಇತ್ತು. ಕೆಲಸ ಚೆನ್ನಾಗಿಯೇ ಆಗಿತ್ತು. ಒಬ್ಬರೇ ಎಲ್ಲವನ್ನೂ ಹಿಡಿದಿರುವ ಸ್ಥಿತಿಯನ್ನು ವರ್ಷಗಟ್ಟಲೆ ಬೆಳೆಯಗೊಟ್ಟದ್ದು ಆಡಳಿತದ ಲೋಪ.

ಮಹಾನಗರದ ಆಡಳಿತಕ್ಕೇ ಇಂತಹ ಗತಿ ಬಂದರೆ ಐದು ಗಣಕಯಂತ್ರಗಳ ಕಚೇರಿಯ ಪಾಡೇನು? ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಸ್ಥಿತಿ ಹೀಗಿರುತ್ತದೆ: ಸಂಸ್ಥೆಯ ಜಾಲತಾಣದ ಹೆಸರು ಯಾವುದೋ ಹಳೆಯ ನೌಕರರ ಸ್ವಂತ ಇ-ಮೇಲ್‌ನಲ್ಲಿ ನೋಂದಣಿಯಾಗಿರುತ್ತದೆ, ನವೀಕರಣದ ಸೂಚನೆ ಅವರಿಗೇ ಹೋಗುತ್ತದೆ. ತೆರಿಗೆ ಜಾಲತಾಣದಲ್ಲಿ ನಮೂದಾದ ಮೊಬೈಲ್ ಸಂಖ್ಯೆ ಮತ್ತಾರದೋ ಆಗಿರುತ್ತದೆ. ಮಾಲೀಕರ ಡಿಜಿಟಲ್ ಸಹಿಯ ಟೋಕನ್ ಪಾಸ್‌ವರ್ಡ್ ಸಮೇತ ಸಲಹೆಗಾರರ ಮೇಜಿನಲ್ಲಿರುತ್ತದೆ. ಆ ಸಹಿ ಕೈಬರಹದ ಸಹಿಗೆ ಸಮಾನ. ಅದರ ಮೇಲಿನ ಹಿಡಿತವನ್ನು ಎಚ್ಚರಿಕೆಯಿಂದ ಉಳಿಸಿಕೊಳ್ಳುವುದು ಸಹಿ ಪಡೆದವರ ಕರ್ತವ್ಯವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ಯಾರ ಬಳಿಯೂ ಬಿಡದವರು ಟೋಕನನ್ನು ಬಿಡುವುದು ಆಶ್ಚರ್ಯಕರ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಜಾಲತಾಣ, ಇ-ಮೇಲ್, ತೆರಿಗೆ, ತಂತ್ರಾಂಶ ಪರವಾನಗಿ, ಎಲ್ಲ ಖಾತೆಗಳೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್ ಮತ್ತು ಸಂಸ್ಥೆಯ ಸಿಮ್‌ನಲ್ಲಿ ಇರಬೇಕು. ಸರ್ವರ್‌ನ ಮುಖ್ಯ ಪಾಸ್‌ವರ್ಡನ್ನು ಮುದ್ರೆ ಹಾಕಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಬೇಕು. ಬದಲಿಸಿದಾಗಲೆಲ್ಲ ಲಕೋಟೆಯೂ ಬದಲಾಗಬೇಕು. ಇ-ವೇ ಬಿಲ್ ಜಾಲತಾಣದಲ್ಲಿ ಪ್ರತಿ ನೌಕರರಿಗೂ ಪ್ರತ್ಯೇಕ ಉಪ-ಬಳಕೆದಾರ ಖಾತೆ ನೀಡುವ ಸೌಲಭ್ಯವಿದೆ. ಒಂದೇ ಪಾಸ್‌ವರ್ಡನ್ನು ಐದು ಜನ ಹಂಚಿಕೊಳ್ಳುವ ಅಗತ್ಯವಿಲ್ಲ. ಇದನ್ನು ಸಿಬ್ಬಂದಿಯ ಮೇಲಿನ ಅಪನಂಬಿಕೆಯೆಂದು ಭಾವಿಸಬಾರದು. ಏನಾದರೂ ಏರುಪೇರಾದಾಗ ನಿರಪರಾಧಿಯ ಮೇಲೆ ಸಂಶಯ ಬಾರದಂತೆ ಕಾಯುವುದೂ ಈ ವ್ಯವಸ್ಥೆಯೇ ಎಂಬುದನ್ನು ಅವರಿಗೆ ಮೊದಲೇ ವಿವರಿಸಬೇಕು.

6. ಬ್ಯಾಕಪ್: ಕೇಳಬೇಕಾದ ಒಂದೇ ಪ್ರಶ್ನೆ

2017ರ ಜೂನ್ 27ರಂದು ಹರಡಿದ 'ನಾಟ್‌ಪೆಟ್ಯಾ' ಎಂಬ ಕುತಂತ್ರಾಂಶದಿಂದ ಜಗತ್ತಿನ ಅತಿ ದೊಡ್ಡ ಹಡಗು ಸಾಗಣೆ ಸಂಸ್ಥೆಗಳಲ್ಲೊಂದಾದ ಮೆರ್ಸ್ಕ್ ತತ್ತರಿಸಿತು. ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ಗೂ ಅದರ ಬಿಸಿ ತಟ್ಟಿತು. ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಸಿದ್ಧಗೊಳಿಸಬೇಕಾಯಿತು. ಜಾಲದ ಬಳಕೆದಾರರ ವಿವರಗಳಿದ್ದ ಮುಖ್ಯ ಸರ್ವರ್‌ಗಳೆಲ್ಲ ಅಳಿಸಿಹೋಗಿದ್ದವು. ಘಾನಾ ದೇಶದ ಕಚೇರಿಯಲ್ಲಿ ವಿದ್ಯುತ್ ಕಡಿತದಿಂದಾಗಿ ಜಾಲದಿಂದ ಬೇರ್ಪಟ್ಟಿದ್ದ ಒಂದು ಸರ್ವರ್ ಮಾತ್ರ ಉಳಿದಿತ್ತು. ಅದರಿಂದಲೇ ಎಲ್ಲವನ್ನೂ ಮರಳಿ ಕಟ್ಟಲಾಯಿತು. ಸಂಸ್ಥೆಯನ್ನು ಉಳಿಸಿದ್ದು ಒಂದು ಆಕಸ್ಮಿಕ.

ಪರಿಣತರು ಹೇಳುವ ಸರಳ ಸೂತ್ರ ಇದು: ಮುಖ್ಯ ದತ್ತಾಂಶಕ್ಕೆ ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ಬ್ಯಾಕಪ್ ಡಿಸ್ಕನ್ನು ಸದಾ ಗಣಕಯಂತ್ರಕ್ಕೆ ಜೋಡಿಸಿಯೇ ಬಿಟ್ಟರೆ ಕುತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ. ಮಾಲೀಕರು "ಬ್ಯಾಕಪ್ ತೆಗೆದಿದ್ದೀರಾ?" ಎಂದು ಕೇಳಿದರೆ ಸಾಲದು. "ಕಳೆದ ಮಾರ್ಚ್ 31ರ ಲೆಡ್ಜರನ್ನು ಬ್ಯಾಕಪ್‌ನಿಂದ ಬೇರೊಂದು ಯಂತ್ರದಲ್ಲಿ ತೆರೆದು ತೋರಿಸಿ" ಎಂದು ಮೂರು ತಿಂಗಳಿಗೊಮ್ಮೆ ಕೇಳಬೇಕು. ತೆರೆದರೆ ಬ್ಯಾಕಪ್ ಇದೆ, ತೆರೆಯದಿದ್ದರೆ ಇಲ್ಲ. ಇದನ್ನು ಕೇಳಲು ಯಾವ ತಾಂತ್ರಿಕ ಜ್ಞಾನವೂ ಬೇಡ.

7. ಕಾನೂನಿನ ಕೆಲವು ಅಂಶಗಳು

ಒಂದು: ತಂತ್ರಾಂಶದ ಒಡೆತನ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸಂಬಳದ ನೌಕರರು ಉದ್ಯೋಗದ ಅಂಗವಾಗಿ ಬರೆದ ತಂತ್ರಾಂಶದ ಹಕ್ಕು ಸಂಸ್ಥೆಯದು. ಆದರೆ ಹೊರಗಿನ ಪ್ರೋಗ್ರಾಮರ್‌ಗೆ ಹಣ ಕೊಟ್ಟು ಬರೆಸಿದರೆ, ಲಿಖಿತ ವರ್ಗಾವಣೆ ಇಲ್ಲದಿದ್ದಲ್ಲಿ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ 19ನೇ ಕಲಮಿನಂತೆ ಅದು ಐದೇ ವರ್ಷಗಳಿಗೆಂದು ಪರಿಗಣಿತವಾಗುತ್ತದೆ. ಆದ್ದರಿಂದ ಹಣ ಪಾವತಿಗೆ ಮುನ್ನವೇ ಹಕ್ಕು, ಅವಧಿ, ಮೂಲ ಪ್ರೋಗ್ರಾಮಿನ ಹಸ್ತಾಂತರ, ಈ ಮೂರನ್ನೂ ಬರೆಸಿಕೊಳ್ಳಬೇಕು.

ಎರಡು: ಪರವಾನಗಿ ಇಲ್ಲದ ತಂತ್ರಾಂಶ. ತಿಳಿದೂ ಅಂತಹ ಪ್ರತಿಯನ್ನು ಬಳಸುವುದು ಅದೇ ಕಾಯ್ದೆಯ 63-ಬಿ ಕಲಮಿನಡಿ ಅಪರಾಧ. ಅದನ್ನು ಹಾಕಿಕೊಡೆಂದು ನೌಕರರಿಗೆ ಹೇಳಿದ ಮಾಲೀಕರು ಮುಂದೆ ಅವರಿಂದ ಪ್ರಾಮಾಣಿಕತೆಯನ್ನು ಕೇಳುವ ನೈತಿಕ ಬಲವನ್ನೂ ಕಳೆದುಕೊಳ್ಳುತ್ತಾರೆ.

ಮೂರು: ಲೆಕ್ಕದ ಜಾಡು. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವ, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕು. "ಹಳೆಯ ಎಂಟ್ರಿ ಸ್ವಲ್ಪ ಬದಲಿಸು" ಎಂಬ ಆದೇಶವನ್ನು ಸಿಬ್ಬಂದಿ ಒಪ್ಪದಿದ್ದರೆ ಅದು ಉದ್ಧಟತನವಲ್ಲ.

ನಾಲ್ಕು: ಸೈಬರ್ ದಾಳಿಯ ವರದಿ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನಗಳಂತೆ, ನಿಗದಿತ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ತಪ್ಪು ಒಪ್ಪಿಕೊಂಡರೆ ಬೈಗುಳ ಸಿಗುವ ಕಚೇರಿಯಲ್ಲಿ ಆ 6 ಗಂಟೆಗಳು ಮುಚ್ಚಿಡುವುದರಲ್ಲಿಯೇ ಕಳೆದುಹೋಗುತ್ತವೆ. ಮೊದಲು ತಿಳಿಸಿದವರಿಗೆ ಶಿಕ್ಷೆ ಇಲ್ಲವೆಂಬ ಭರವಸೆ ಬರವಣಿಗೆಯಲ್ಲಿರಲಿ.

8. ಉಳಿಸಿಕೊಳ್ಳುವುದು, ಬೀಳ್ಕೊಡುವುದು

ದೊಡ್ಡ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿರುವ ಬೆಂಗಳೂರಿನ ಪಕ್ಕದಲ್ಲಿ ಉದ್ಯಮ ನಡೆಸುವ ನಾವು ಸಂಬಳದಲ್ಲಿ ಅವುಗಳೊಡನೆ ಸ್ಪರ್ಧಿಸಲಾರೆವು. ಆದರೆ ಆ ಸಂಸ್ಥೆಗಳಲ್ಲಿ ಸಿಗದ ಕೆಲವನ್ನು ನಾವು ಕೊಡಬಲ್ಲೆವು: ಇಡೀ ಉದ್ಯಮವನ್ನು ಹತ್ತಿರದಿಂದ ಕಾಣುವ ಅವಕಾಶ, ಸ್ವಂತ ಊರಿನ ವಾಸ, ಮಾಡಿದ ಕೆಲಸದ ಫಲವನ್ನು ಮರುದಿನವೇ ನೋಡುವ ತೃಪ್ತಿ. ಇದರೊಡನೆ ವರ್ಷಕ್ಕೊಂದು ತರಬೇತಿಯ ಶುಲ್ಕ ಭರಿಸುವುದು, ರಾತ್ರಿ ಅಥವಾ ಭಾನುವಾರ ಕರೆಸಿಕೊಂಡರೆ ಬದಲಿ ರಜೆ ಕೊಡುವುದು, ಹೊಸ ಯಂತ್ರ ಅಥವಾ ತಂತ್ರಾಂಶ ಕೊಳ್ಳುವ ಮುನ್ನ ಅವರ ಅಭಿಪ್ರಾಯ ಕೇಳುವುದು, ಮನೆಯ ಟಿ.ವಿ. ಮತ್ತು ಮಕ್ಕಳ ಮೊಬೈಲ್ ರಿಪೇರಿಗೆ ಕಳುಹಿಸದಿರುವುದು ಸೇರಿದರೆ ಅನೇಕರು ನಿಲ್ಲುತ್ತಾರೆ. ಒಂದೇ ಕೈಗಾರಿಕಾ ವಸಾಹತುವಿನ ನಾಲ್ಕಾರು ಘಟಕಗಳು ಕೂಡಿ ಒಬ್ಬ ಅನುಭವಿಯನ್ನು ದಿನ ಹಂಚಿಕೊಂಡು ನೇಮಿಸಿಕೊಳ್ಳುವುದೂ ಸಾಧ್ಯ. ಆಗ ಉತ್ತಮ ಸಂಬಳವೂ ಕೊಡಲಾಗುತ್ತದೆ, ಒಬ್ಬರು ರಜೆ ಹೋದರೆ ಬದಲಿ ವ್ಯವಸ್ಥೆಯೂ ಆಗುತ್ತದೆ.

ಬಾಂಡ್ ಬರೆಸಿಕೊಂಡು ಹಿಡಿದಿಡುವ ಯೋಚನೆ ಹಲವರಲ್ಲಿದೆ. ನೌಕರಿ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಊರ್ಜಿತವಾಗದು. ಕನಿಷ್ಠ ಸೇವಾವಧಿಗೆ ಮುನ್ನ ಬಿಟ್ಟರೆ ನಿಗದಿತ ಮೊತ್ತ ಕೊಡಬೇಕೆಂಬ ಷರತ್ತನ್ನು, ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ಆದರೆ ಮೊತ್ತ ನ್ಯಾಯಸಮ್ಮತವಾಗಿರಬೇಕು. ಒಲ್ಲದ ಮನಸ್ಸಿನ ನೌಕರರ ಕೈಯಲ್ಲಿ ಸರ್ವರ್ ಇರುವುದು ಲಾಭವೇ ಎಂಬುದನ್ನೂ ಯೋಚಿಸಬೇಕು.

ಬಿಡುವವರು ಬಿಟ್ಟೇ ಬಿಡುತ್ತಾರೆ. ಆ ಒಂದು ತಿಂಗಳ ಅವಧಿಯನ್ನು ಮುನಿಸಿನಲ್ಲಿ ಕಳೆಯದೆ, ಪ್ರತಿದಿನ ಒಂದು ವಿಷಯದಂತೆ ಬರೆಸಿಕೊಳ್ಳಬೇಕು. ಕೊನೆಯ ದಿನ ಅವರ ಸಮ್ಮುಖದಲ್ಲಿಯೇ ಪಾಸ್‌ವರ್ಡ್‌ಗಳನ್ನು ಬದಲಿಸಿ, ಖಾತೆಗಳನ್ನು ಮುಚ್ಚಿ, ಹಸ್ತಾಂತರ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು. ಬಾಕಿ ಸಂಬಳ, ಅನುಭವ ಪತ್ರಗಳನ್ನು ತಡೆಯದೆ ಕೊಡಬೇಕು. ಗೌರವದಿಂದ ಬೀಳ್ಕೊಂಡವರಿಗೆ ಆರು ತಿಂಗಳ ನಂತರ ಫೋನ್ ಮಾಡಿ ಒಂದು ಸಂದೇಹ ಕೇಳಿದರೆ ಉತ್ತರ ಸಿಗುತ್ತದೆ.

ಮಾಲೀಕರ ಸ್ವಪರೀಕ್ಷೆಗೆ ಹತ್ತು ಪ್ರಶ್ನೆಗಳು

1. ನಮ್ಮ ಜಾಲತಾಣದ ಹೆಸರು ಯಾರ ಹೆಸರಿನಲ್ಲಿ, ಯಾವ ಇ-ಮೇಲ್‌ನಲ್ಲಿ ನೋಂದಣಿಯಾಗಿದೆ? ನವೀಕರಣ ಎಂದು?
2. ತೆರಿಗೆ ಜಾಲತಾಣಗಳ ಒ.ಟಿ.ಪಿ. ಯಾರ ಮೊಬೈಲ್‌ಗೆ ಬರುತ್ತದೆ?
3. ನನ್ನ ಡಿಜಿಟಲ್ ಸಹಿಯ ಟೋಕನ್ ಈ ಕ್ಷಣ ಎಲ್ಲಿದೆ?
4. ಮುಖ್ಯ ಪಾಸ್‌ವರ್ಡ್‌ಗಳ ಲಕೋಟೆ ತಿಜೋರಿಯಲ್ಲಿದೆಯೇ?
5. ಬ್ಯಾಕಪ್‌ನಿಂದ ಕಡತವನ್ನು ತೆರೆದು ನೋಡಿದ್ದು ಕೊನೆಯ ಬಾರಿ ಯಾವಾಗ?
6. ತಯಾರಕರ ಬೆಂಬಲ ಮುಗಿದ ಯಂತ್ರಗಳು ಎಷ್ಟಿವೆ?
7. ಹೊರಗಿನವರಿಂದ ಬರೆಸಿದ ತಂತ್ರಾಂಶದ ಹಕ್ಕುಪತ್ರ ನಮ್ಮಲ್ಲಿದೆಯೇ?
8. ಕಳೆದ ತಿಂಗಳ ದೂರು ಪುಸ್ತಕವನ್ನು ಓದಿದ್ದೇನೆಯೇ?
9. ಗಣಕ ಸಿಬ್ಬಂದಿ ನಾಳೆಯಿಂದ ಹದಿನೈದು ದಿನ ಬಾರದಿದ್ದರೆ ಬಿಲ್ ಯಾರು ತೆಗೆಯುತ್ತಾರೆ?
10. ಏನೂ ಕೆಡದ ತಿಂಗಳಿನಲ್ಲಿ ಅವರಿಗೆ ಒಂದು ಒಳ್ಳೆಯ ಮಾತು ಹೇಳಿದ್ದೇನೆಯೇ?

ಹತ್ತರಲ್ಲಿ ಐದಕ್ಕೆ ಉತ್ತರ ತಿಳಿಯದಿದ್ದರೆ ಗಾಬರಿ ಬೇಡ. ಈ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು, ತಮ್ಮ ಗಣಕ ಸಿಬ್ಬಂದಿಯನ್ನು ಕರೆದು, ಎದುರಿಗೆ ಕುರ್ಚಿ ಹಾಕಿ ಕೂರಿಸಿ, ಒಂದೊಂದಾಗಿ ಕೇಳಿದರೆ ಸಾಕು. ಎರಡು ಗಂಟೆಯ ಆ ಮಾತುಕತೆಯಿಂದಲೇ ಸುಧಾರಣೆಯ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.